ಪರದೆ ಅಜ್ಜಿಯ ತಳ್ಳುಗಾಡಿ

ನಾನು ಸೊಸೆಯಾಗಿ ಬಂದ ಮನೆಯ ಬಾಗಿಲ ಪಕ್ಕ ಚಪ್ಪಲಿ ಬಿಡಲೂ ಜಾಗವಿರಲಿಲ್ಲ. ಅಲ್ಲಿ ಮಗುವಿನ ತಳ್ಳುಗಾಡಿಯೊಂದು ಠಿಕಾಣಿ ಹೂಡಿತ್ತು. ನೀಲಿ ಬಟ್ಟೆ ಬಿಸಿಲಿಗೆ ಬೂದಿಬಣ್ಣವಾಗಿತ್ತು, ಹಿಡಿಗೆ ಪರದೆ ಬಟ್ಟೆಯ ಚೂರು ಸುತ್ತಿ ಹೊಲಿದಿದ್ದರು. ನನ್ನ ಗಂಡ, ಭಾವ ಇಬ್ಬರೂ ಅದರಲ್ಲೇ ಬೆಳೆದವರು. ಈಗ ಅದರಲ್ಲಿ ಕೂರುತ್ತಿದ್ದವಳು ಭಾವನ ಮಗಳು. ಅವಳೋ ಆಗಲೇ ಶಾಲೆಗೆ ಹೋಗುತ್ತಿದ್ದಳು. ಮನೆಯಲ್ಲಿ ಕಿಟಕಿ ಸರಳು ಹತ್ತಿ ಕುಣಿಯುವ ಹುಡುಗಿ ಅಜ್ಜಿಯ ಜೊತೆ ಬೀದಿಗಿಳಿದರೆ ಸಾಕು, ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುರಿಕೊಂಡು ಗಾಡಿಯಲ್ಲಿ ಕೂತುಬಿಡುತ್ತಿದ್ದಳು.

ನನ್ನ ತಲೆಗೆ ಹುಳ ಹೊಕ್ಕಿತು. ಅಕ್ಕಪಕ್ಕದವರ ಮನೆಗೇ ಮೂಗು ತೂರಿಸುವವಳು ನಾನು, ಇದು ನನ್ನದೇ ಮನೆ ಬೇರೆ. ಗಂಡನನ್ನು ಕೇಳಿದೆ. "ಅದು ಮೊದಲಿಂದ ಹಾಗೇ," ಎಂದರು. ಓರಗಿತ್ತಿಯನ್ನು ಕೇಳಿದೆ. "ಗಾಡಿ ಗಟ್ಟಿ ಇದೆಯಲ್ಲಮ್ಮ, ಇರ್ಲಿ," ಎಂದು ಹಿಟ್ಟು ನಾದುವುದರಲ್ಲಿ ಮುಳುಗಿದರು.

ಗಾಡಿ ತಳ್ಳುತ್ತಿದ್ದವರು ಅತ್ತೆ. ಮನೆಮನೆಗೆ ಕಿಟಕಿ ಪರದೆ ಹೊಲಿದುಕೊಡುತ್ತಿದ್ದ ಅವರು ಬೀದಿಗೆಲ್ಲ ಪರದೆ ಅಜ್ಜಿ. ಬೇರೆಯವರು ಬಾಯಲ್ಲಿ ಹೇಳಿದ ಅಳತೆಗೆ ಅವರು ಕತ್ತರಿ ಮುಟ್ಟಿದವರಲ್ಲ. ತಾವೇ ಹೋಗಿ ಕಿಟಕಿ ಅಳೆಯಬೇಕು. ಹೊಲಿದ ಪರದೆಯನ್ನು ಕೆಳಗಿನ ಅಂಚು ಮಡಿಸದೆ ತೂಗುಹಾಕಿ ಬರಬೇಕು. "ಬಟ್ಟೆ ತನ್ನ ಭಾರಕ್ಕೆ ತಾನು ಇಳೀಲಿ, ಆಮೇಲೆ ಅಂಚು," ಎನ್ನುತ್ತಿದ್ದರು. ಕೆಲವು ದಿನ ಬಿಟ್ಟು ಮತ್ತೆ ಹೋಗಿ, ಅಲ್ಲೇ ನೆಲದ ಮೇಲೆ ಕೂತು ಅಂಚು ಹೊಲಿಯುತ್ತಿದ್ದರು. ನಡಿಗೆ ನಿಂತರೆ ಅವರ ಕೆಲಸ ನಿಂತ ಹಾಗೆ. ಕೆಲಸ ನಿಂತರೆ ಅತ್ತೆ ಏನಾಗುತ್ತಾರೋ ಎಂದು ಯೋಚಿಸಲು ಮನೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ.

ಬೇಕರಿಯವನು ದಿನಾ ಕೆಣಕುತ್ತಿದ್ದ. "ಏನಜ್ಜಿ, ನಿಮ್ಮ ಪಾಪು ಇನ್ನೂ ನಡೆಯೋದು ಕಲೀಲಿಲ್ವಾ?"

"ಮಗುಗೆ ಬೇಗ ಸುಸ್ತಾಗುತ್ತಪ್ಪ," ಎಂದು ಅತ್ತೆ ಮುಂದೆ ಸಾಗುತ್ತಿದ್ದರು. ಶಾಲೆಯ ಮಕ್ಕಳು ಹುಡುಗಿಗೆ ದೊಡ್ಡ ಪಾಪು ಎಂದು ಹೆಸರಿಟ್ಟಿದ್ದರು. ಅವಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಒಂದು ದಿನ ಗಾಡಿಯ ಹಿಂದಿನ ಚಕ್ರ ಮುರಿಯಿತು. ಭಾವ ಅಂದೇ ಹೊಸದೊಂದನ್ನು ತಂದು, ಬೆರಳಲ್ಲಿ ಎತ್ತಿ ತೋರಿಸಿ ಬೀಗಿದರು. "ನೋಡಮ್ಮ, ಹೂವಿನಷ್ಟು ಹಗುರ."

ಹುಡುಗಿ ಹತ್ತುವ ಮೊದಲೇ ಅತ್ತೆ ಹಿಡಿಯ ಮೇಲೆ ಎರಡೂ ಕೈ ಊರಿದರು. ಮುಂದಿನ ಚಕ್ರ ಚಂಗನೆ ಮೇಲೆದ್ದಿತು, ಅತ್ತೆ ಗಾಡಿಯ ಜೊತೆಗೇ ಕುಸಿದರು. ನಾನು ತಕ್ಷಣ ತೋಳು ಹಿಡಿದುಕೊಂಡದ್ದರಿಂದ ಪೆಟ್ಟಾಗಲಿಲ್ಲ. "ಒಂದು ಕೋಲು ತರ್ಲಾ ಅಮ್ಮ?" ಎಂದ ಭಾವನ ಬಾಯಿಯನ್ನು ಅವರು ಒಂದೇ ನೋಟದಲ್ಲಿ ಮುಚ್ಚಿಸಿದರು. ಆಮೇಲೆ ಒಳಗೆ ಹೋಗಿ ಮಂಚದ ಮೇಲೆ ಕೂತರು. ಮೇಲಿನ ಬೀದಿಯ ಮನೆಯಲ್ಲಿ ಅಂಚಿಲ್ಲದ ಪರದೆ ತೂಗುತ್ತಿತ್ತು. "ಅದನ್ನ ಇನ್ಯಾರಾದ್ರೂ ಮಡಿಸ್ಲಿ ಬಿಡು," ಎಂದರು.

ಹೊರಗೆ ಮೆಟ್ಟಿಲ ಮೇಲೆ ಹುಡುಗಿ ನನ್ನ ಸೆರಗು ಜಗ್ಗಿದಳು. "ಚಿಕ್ಕಮ್ಮ, ನಾನು ಕೂತಿದ್ದಿದ್ರೆ ಗಾಡಿ ಎದ್ದೇಳ್ತಿರ್ಲಿಲ್ಲ. ಅಜ್ಜಿ ಕೈ ಊರ್ಕೊಂಡು ನಡೀತಾರಲ್ಲ, ಅದಕ್ಕೇ ನಾನು ಕೂರೋದು."

"ಯಾರು ಹೇಳಿದ್ರು ನಿಂಗೆ?"

"ಯಾರೂ ಇಲ್ಲ. ಒಂದ್ಸಲ ಇಳಿದು ನೋಡಿದ್ದೆ."

ಗಾಡಿಯಿಲ್ಲದೆ ಅತ್ತೆ ನಡೆಯಲಾರರು ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು, ಬಾಯಿ ಬಿಡುತ್ತಿರಲಿಲ್ಲ ಅಷ್ಟೇ. ಆದರೆ ಗಾಡಿಗೆ ಭಾರ ಬೇಕು ಎಂಬುದು ಹೊಳೆದದ್ದು ಈ ಚೋಟುದ್ದದವಳಿಗೆ ಮಾತ್ರ. ಅದಕ್ಕಾಗಿ ಶಾಲೆಯವರ ಹಂಗಿಸುವಿಕೆಯನ್ನೆಲ್ಲ ನುಂಗಿಕೊಂಡು ಕೂತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ, ತಬ್ಬಿಕೊಂಡೆ. "ಜಡೆ ಬಿಚ್ಚೋಗುತ್ತೆ ಬಿಡಿ," ಎಂದು ಕೊಸರಿಕೊಂಡಳು.

"ನಿನ್ನ ಬದಲು ಅಲ್ಲಿ ಏನಿಡಬಹುದೇ?" ಎಂದೆ. ಅವಳು ಬಾಗಿಲಿಂದಲೇ ಒಳಗಿನ ಮಂಚದ ಕೆಳಗೆ ಬೆರಳು ತೋರಿಸಿದಳು. ಅತ್ತೆಯ ಮೊಟ್ಟಮೊದಲ ಹೊಲಿಗೆ ಮೆಷಿನ್ ಅಲ್ಲಿತ್ತು. ಕೆಟ್ಟು ಎಷ್ಟೋ ಕಾಲವಾಗಿದ್ದರೂ ಬಿಸಾಡಿರಲಿಲ್ಲ; ಅಪ್ಪಟ ಕಬ್ಬಿಣ.

ಭಾವ ಹೊಸ ಗಾಡಿಯ ಚಕ್ರ ಕಳಚಿ ಹಳೆಯದಕ್ಕೆ ಕೂರಿಸಿದರು. ಮೆಷಿನ್ನನ್ನು ಸೀಟಿನಲ್ಲಿಟ್ಟು ಎಲ್ಲರೂ ಪಕ್ಕಕ್ಕೆ ಸರಿದು ನಿಂತೆವು. ಅತ್ತೆ ಬಂದು ನೋಡಿದರು. ಬಗ್ಗಿ, ಮಗುವಿನ ಬೆಲ್ಟನ್ನು ಮೆಷಿನ್ನಿಗೆ ಬಿಗಿದು, ಸೂಜಿದಾರದ ಚೀಲ ಹೆಗಲಿಗೇರಿಸಿದರು. ನಾನೂ ಹುಡುಗಿಯೂ ಜೊತೆಗೆ ಹೊರಟೆವು.

ಬೇಕರಿಯವನು ಬಿಡುತ್ತಾನೆಯೇ? "ಏನಜ್ಜಿ, ಪಾಪು ಇಳಿದುಬಿಟ್ಲಾ? ಸುಸ್ತಾಗಲ್ವಾ?"

ಹುಡುಗಿ ಅಭ್ಯಾಸಬಲದಿಂದ ಸುಸ್ತಾಗುತ್ತದೆಂದು ತಲೆಯಾಡಿಸಲು ಹೊರಟಿದ್ದಳು. ಅತ್ತೆ ಗಾಡಿ ನಿಲ್ಲಿಸಿದರು.

"ಅವಳಿಗೇನೂ ಸುಸ್ತಿಲ್ಲ ಕಣಪ್ಪ. ಕಾಲು ನಿಲ್ಲದೆ ಇರೋದು ನಂದು. ಇಷ್ಟು ದಿನ ಅವಳು ಕೂತು ನನ್ನ ನಡೆಸ್ತಿದ್ಲು."

ಅತ್ತೆ ಮೊಮ್ಮಗಳ ಕಡೆ ತಿರುಗಿದರು. "ನೀನು ಮುಂದೆ ಓಡು. ಹೋಗಿ ಆ ಮೇಲಿನ ಬೀದಿಯವರ ಮನೆ ಬೆಲ್ ಒತ್ತು, ಬರ್ತೀನಿ."

ಹುಡುಗಿ ನನ್ನ ಮುಖ ನೋಡಿದಳು, ಅಜ್ಜಿಯ ಕೈ ನೋಡಿದಳು, ಆಮೇಲೆ ಓಡಿದಳು. ಅಜ್ಜಿಯ ಜೊತೆ ಬಂದವಳು ಬೀದಿಯಲ್ಲಿ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.