ಬೋಗಿಯ ಮೂಲೆಯಲ್ಲಿ ಬರೆದ ಊರು

ಇವತ್ತು ಬೆಳಿಗ್ಗೆ ಮೊಮ್ಮಗಳು ಟರ್ಪೆಂಟೈನ್ ಬಾಟಲಿಯ ಮುಚ್ಚಳ ತೆಗೆದಳು ನೋಡಿ, ಅಬ್ಬಿಗೆರೆಯ ನಮ್ಮ ಮನೆಗೆ ಮನೆಯೇ ಯಶವಂತಪುರದ ಹಳೆಯ ರೈಲು ಶೆಡ್ಡಾಗಿಬಿಟ್ಟಿತು. ಒಗ್ಗರಣೆಯ ವಾಸನೆಗೂ ಇಷ್ಟು ಹಿಗ್ಗದ ಜೀವ ನನ್ನದು. ಆ ಶೆಡ್ಡಿನಲ್ಲಿ ಮೂವತ್ತು ವರ್ಷ ಬೋಗಿಗಳಿಗೆ ಬಣ್ಣ ಬಳಿದವನಲ್ಲವೇ!

ಶಾಲೆಗೆ ಹೋದದ್ದು ಎರಡೇ ವರ್ಷ. ಅಕ್ಷರ ಕೈಗೆ ಹತ್ತಿದ್ದು ಬೋಗಿಯ ಮೈಮೇಲೆ. ಕೆಲಸ ಮುಗಿದ ಮೇಲೆ ಬಣ್ಣ ಹೊಡೆದ ಊರು, ತಾರೀಕು ಎರಡನ್ನೂ ಕೆಳಗಿನ ಮೂಲೆಯಲ್ಲಿ ಬರೆಯಬೇಕಿತ್ತು. ಯಾಕೆಂದು ಒಮ್ಮೆ ಮೇಸ್ತ್ರಿಯನ್ನು ಕೇಳಿದೆ.

"ನಾಳೆ ಬಣ್ಣ ಕಿತ್ಕೊಂಡ್ ಬಂದ್ರೆ ಯಾವೂರೋರ್ನ ಬೈಬೇಕು ಅಂತ ಗೊತ್ತಾಗ್ಬೇಡ್ವೇನೋ?" ಎಂದರು.

ಬೈಸಿಕೊಳ್ಳುವುದಕ್ಕೆಂದೇ ಬರವಣಿಗೆ ಕಲಿತೆ ಅನ್ನಿ.

ಮೊಮ್ಮಗಳು ಸಿಂಚನಾ ಕಟ್ಟುವುದು ಗೇಣುದ್ದದ ಮಾದರಿ ರೈಲು. ಅದೂ ನಮ್ಮದಲ್ಲ, ಹಾಲೆಂಡ್ ದೇಶದ್ದು. ನೂರು ವರ್ಷದ ಹಿಂದೆ ಅಲ್ಲಿ ರೈಲು ಓಡಿಸಲು ಬೇರೆಬೇರೆ ಕಂಪನಿಗಳಿದ್ದವಂತೆ. ಒಬ್ಬರದು ಹಸಿರು, ಒಬ್ಬರದು ನೀಲಿ. ಆಮೇಲೆ ಎಲ್ಲ ಒಂದಾಗಿ ಹಳೆಯ ಬಣ್ಣಗಳು ಹೋದವಂತೆ. ಹೋದ ಆ ಬಣ್ಣಗಳನ್ನೇ ಈ ಹುಡುಗಿ ಹುಡುಕುತ್ತಾಳೆ. ಒಂದು ಗೆರೆ ಆಚೀಚೆಯಾದರೂ ಅವಳಿಗೆ ಊಟ ಸೇರುವುದಿಲ್ಲ. ಅಂಥವಳು ಹೋದ ತಿಂಗಳು, ಯಲಹಂಕದ ಪ್ರದರ್ಶನಕ್ಕೆಂದು ವಾರಗಟ್ಟಲೆ ಕೂತು ಕಟ್ಟಿದ ಹಸಿರು ಬೋಗಿಯನ್ನು ನನ್ನ ಕೈಗಿಟ್ಟಳು.

"ತಾತ, ಕೊನೇ ಕೋಟ್ ನೀನೇ ಹೊಡಿ. ನನ್ ಕೈ ನಡುಗತ್ತೆ."

ಎಪ್ಪತ್ತು ದಾಟಿದ ಮುದುಕನಿಗೆ ಹದಿನೇಳರ ಹುಡುಗಿ ಹೇಳುವ ಮಾತೇ ಇದು!

ಹೊಡೆದೆ. ಕನ್ನಡಿಯಂತೆ ಬಂತು. ಸಂಜೆ ಬಣ್ಣ ಆರಿದ್ದು ನೋಡಿದರೆ ಸಂತೋಷಕ್ಕೆ ಕೈ ಸುಮ್ಮನಿರಲಿಲ್ಲ. ಸಣ್ಣ ಕುಂಚವನ್ನು ಬಿಳಿಯಲ್ಲಿ ಅದ್ದಿ ಕೆಳಗಿನ ಮೂಲೆಯಲ್ಲಿ ಬರೆದೇಬಿಟ್ಟೆ: ಯಶವಂತಪುರ. ಪಕ್ಕದಲ್ಲಿ ಆವತ್ತಿನ ತಾರೀಕು. ಬರೆದಾದ ಮೇಲೆ ಎಚ್ಚರವಾಯಿತು. ಹಾಲೆಂಡಿನ ನೂರು ವರ್ಷದ ಬೋಗಿಯ ಮೇಲೆ ಕನ್ನಡ! ಟರ್ಪೆಂಟೈನ್ ಹಾಕಿ ಒರೆಸಿದರೆ ಕೆಳಗಿನ ಹಸಿರೂ ಎದ್ದು ಬರುತ್ತದೆ. ಬೆಳಗಾದರೆ ಪ್ರದರ್ಶನ.

ಸಿಂಚನಾ ನೋಡಿದಳು. ಬೋಗಿಯನ್ನು ಎತ್ತಿ ದೀಪಕ್ಕೆ ಹಿಡಿದಳು.

"ಬೈದ್ಬಿಡಮ್ಮ," ಎಂದೆ. ಬೈಯಲಿಲ್ಲ. ಮೂವತ್ತು ವರ್ಷದ ಬೈಗುಳಕ್ಕಿಂತ ಅದೇ ಹೆಚ್ಚು ಸುಟ್ಟಿತು.

ಮರುದಿನ ನಾನು ಬರುವುದಿಲ್ಲವೆಂದರೂ ಪ್ರದರ್ಶನಕ್ಕೆ ಎಳೆದುಕೊಂಡು ಹೋದಳು. ನಾನು ಒಂದು ಕಂಬ ಹುಡುಕಿ ಅದರ ಹಿಂದೆ ನಿಂತೆ. ಕನ್ನಡಕದ ಯಜಮಾನರೊಬ್ಬರು ಬೋಗಿಯ ಮೂಲೆಯನ್ನು ಬಗ್ಗಿ ನೋಡಿ ನಕ್ಕರು.

"ಏನಮ್ಮಾ, ಹಾಲೆಂಡ್ ಗಾಡಿ ಯಶವಂತಪುರಕ್ಕೆ ಯಾವಾಗ್ ಬಂದಿತ್ತು?"

"ನಿನ್ನೆ ಸಾರ್. ಬಣ್ಣಕ್ಕೆ ಬಂದಿತ್ತು," ಎಂದಳು ಸಿಂಚನಾ. "ಅಲ್ಲಿ ಕಂಬದ್ ಹಿಂದೆ ಬಚ್ಚಿಟ್ಕೊಂಡಿದಾರಲ್ಲ, ಅವ್ರೇ ಪೇಂಟರ್ರು. ನಮ್ ತಾತ."

ಯಜಮಾನರ ನಗು ನಿಂತಿತು. ಬೋಗಿಗೆ ಮೂಗು ತಾಗುವಷ್ಟು ಮತ್ತೆ ಬಗ್ಗಿದರು. ಆಮೇಲೆ ಕಂಬದ ಹತ್ತಿರವೇ ಬಂದು, "ಎಷ್ಟು ಕೋಟ್ ಕೊಟ್ರಿ ಸ್ವಾಮಿ?" ಎಂದು ಕೇಳಿದರು. ಬೆರಳು ತೋರಿಸಿದೆ, ಅವಳದೂ ಸೇರಿ ಮೂರು.

ಬಹುಮಾನ ಬರಲಿಲ್ಲ. ಬಂದಿದ್ದರೆ ಇಡಲು ನನ್ನ ಎದೆಯಲ್ಲಿ ಜಾಗವೂ ಇರಲಿಲ್ಲ.

ಇವತ್ತಿನದು ನೀಲಿ ಬೋಗಿ. ಎರಡು ಕೈಯನ್ನೂ ತೊಡೆಯ ಕೆಳಗೆ ಅದುಮಿಕೊಂಡು ದೂರ ಕೂತಿದ್ದೆ. ಬಣ್ಣ ಮುಗಿಸಿ ಅವಳೇ ಕೂಗಿದಳು.

"ತಾತಾ, ಮೂಲೆ ಖಾಲಿ ಬಿಟ್ಟಿದೀನಿ. ಆರಿದ್ ಮೇಲೆ ಬರಿ."

ಅದು ಆರಲಿ ಎಂದು ಕಾಯುತ್ತ, ಬೆರಳು ಸುಮ್ಮನಿರದೆ ಇಷ್ಟನ್ನೂ ಬರೆದೆ. ಈ ಸಲ ಅಬ್ಬಿಗೆರೆ ಎಂದೇ ಬರೆಯುತ್ತೇನೆ. ಬಣ್ಣ ಎದ್ದರೆ ಬೈಯಲು ಬರುವವರಿಗೆ ಮನೆ ಸಿಗಬೇಕಲ್ಲ.