ಅರ್ಥ್ ಇಲ್ಲದ ಕಟ್ಟಡ

ಮಾಲು ಕಂಡ ಕೂಡಲೇ ಅದರ ಯೋಗ್ಯತೆ ಹೇಳುವುದು ನನ್ನ ಕಸುಬು. ನಮ್ಮ ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಟೈಲರಕ್ಕನನ್ನು ಹಾಗೆ ಅಳೆದರೆ ಐವತ್ತರ ಆಸುಪಾಸು, ಗಟ್ಟಿ ಮೈಕಟ್ಟು, ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಹೊರಗಿನಿಂದ ಎಲ್ಲೂ ಬಿರುಕಿಲ್ಲ. ಇಂಥ ಮಾಲನ್ನು ಯಾವ ವ್ಯಾಪಾರಿಯೂ ವಾಪಸು ಕಳಿಸುವುದಿಲ್ಲ. ಆದರೆ ಕರೆಂಟಿನ ವಸ್ತು ಹತ್ತಿರವಿದ್ದರೆ ಸಾಕು, ಆಕೆಯ ಮೈಯೆಲ್ಲ ಜುಮ್ಮೆನ್ನುತ್ತದೆ, ತಲೆ ಸಿಡಿಯುತ್ತದೆ, ಕಣ್ಣಿಗೆ ನಿದ್ದೆ ಹತ್ತುವುದಿಲ್ಲ.

ಮೊದಲು ಮೊಬೈಲು ಹೋಯಿತು, ಆಮೇಲೆ ಫ್ಯಾನು. ಹೊಲಿಗೆ ಕಾಲು ಮೆಷಿನ್ನಿಗೆ ಬಂತು. ಕೊನೆಗೆ ನನ್ನಲ್ಲೇ ತಾಮ್ರದ ಜಾಲರಿ ಕೊಂಡು ಹಾಸಿಗೆಯ ಕೆಳಗೆ ಹರಡಿದಳು. ಮೈಯ ಕರೆಂಟು ಮಣ್ಣಿಗಿಳಿಯಲೆಂದು ಅದಕ್ಕೊಂದು ಹಸಿರು ತಂತಿ ಕಟ್ಟಿ, ಕಿಟಕಿಯಿಂದ ಇಳಿಸಿ, ಹಿತ್ತಲ ಮಣ್ಣಿನಲ್ಲಿ ಹುಗಿದ ಕಬ್ಬಿಣದ ಸರಳಿಗೆ ಸುತ್ತಿಸಿದಳು. ಹೊಲಿಯುವಾಗ ಅದೇ ತಂತಿಯ ಇನ್ನೊಂದು ಕವಲು ಕಾಲಿಗೆ.

"ಏನಕ್ಕಾ, ಕಟ್ಟಿಹಾಕಿದ ಹಸುವಿಗೂ ಇದಕ್ಕಿಂತ ಉದ್ದದ ಹಗ್ಗ ಇರುತ್ತಲ್ಲ!" ಎಂದೆ ಒಮ್ಮೆ.

"ಹಗ್ಗ ಮಾರಿದವನೇ ನಗ್ತಾನೆ ನೋಡು," ಎಂದಳು.

ತಂತಿಯಿಂದ ನಿದ್ದೆ ಬಂತು. ಆದರೆ ತಂತಿಯಿಲ್ಲದೆ ಬಾರದಾಯಿತು. ಮೆಟ್ಟಿಲಿಳಿಯುವುದೇ ನಿಂತಿತು. ಸಂಕಟ ನಿಜ, ಅದಕ್ಕೆ ಕರೆಂಟು ಕಾರಣವಲ್ಲ ಎಂದರು ಡಾಕ್ಟರು. ಆಕೆ ಕೇಳಿಸಿಕೊಂಡದ್ದು ಎರಡನೆಯ ಮಾತನ್ನು ಮಾತ್ರ.

ಅಷ್ಟರಲ್ಲಿ ಮಗಳು ಚೊಚ್ಚಲ ಬಸುರಿ. ಬೇರೆ ಊರು, ಎತ್ತರದ ಕಟ್ಟಡದಲ್ಲಿ ಮನೆ. "ಅಮ್ಮ ಪಕ್ಕದಲ್ಲಿದ್ರೆ ಸಾಕು, ಇನ್ನೇನೂ ಬೇಡ" ಎಂದು ಅಪ್ಪನ ಫೋನಿಗೆ ಕರೆ ಮಾಡಿ ಅತ್ತಳಂತೆ. ತಂತಿ ಇಳಿಸಲು ಅಲ್ಲಿ ಮಣ್ಣೆಲ್ಲಿ? ಗೋಡೆಯ ಪ್ಲಗ್ಗಿನ ಮೂರನೆಯ ತೂತೂ ನೆಲಕ್ಕೇ ಹೋಗುತ್ತದೆಂದು ಯಾರೋ ಹೇಳಿದರು. ಮೊದಲು ಇಲ್ಲೇ ಪರೀಕ್ಷೆಯಾಗಲಿ ಎಂದು ಟೈಲರಕ್ಕನ ಗಂಡ ಎಲೆಕ್ಟ್ರಿಷಿಯನ್ನನ್ನು ಕರೆತಂದ. ನಾನೂ ಮೋಜು ನೋಡಲು ಮೆಟ್ಟಿಲು ಹತ್ತಿದೆ.

ಆತ ಪ್ಲಗ್ಗಿಗೆ ಪರೀಕ್ಷೆಯ ಬಲ್ಬು ಹಿಡಿದು ತಲೆಯಾಡಿಸಿದ. "ಅರ್ಥಿಲ್ಲಮ್ಮ."

ಟೈಲರಕ್ಕ ಕತ್ತರಿ ಕೆಳಗಿಟ್ಟಳು. "ಅರ್ಥ ಇಲ್ವಾ? ನೀನೂ ಅದನ್ನೇ ಹೇಳೋಕೆ ಬಂದ್ಯಾ? ಗಂಡ ಹೇಳಿದ್ದಾಯ್ತು, ಡಾಕ್ಟ್ರು ಹೇಳಿದ್ದಾಯ್ತು, ಕೆಳಗಿನ ಅಂಗಡಿಯವನು ದಿನಾ ಹೇಳ್ತಾನೆ. ನಡಿ ಆಚೆ!"

"ಅಯ್ಯೋ, ನಿಮಗಲ್ಲಮ್ಮ! ಪ್ಲಗ್ಗಿಗೆ! ಪ್ಲಗ್ಗಿಗೆ ಅರ್ಥ್ ಇಲ್ಲ, ನೆಲಕ್ಕೆ ಹೋಗೋ ತಂತಿ!"

ಗಂಡ ನಗಲು ಹೋಗಿ ಹೆಂಡತಿಯ ಮುಖ ನೋಡಿ ಕೆಮ್ಮಿದ.

ಆ ಪ್ಲಗ್ಗಿಗಷ್ಟೇ ಅಲ್ಲ, ಇಡೀ ಕಟ್ಟಡಕ್ಕೇ ಇರಲಿಲ್ಲ. ಮೀಟರಿನ ಬುಡದ ಅರ್ಥ್ ತಂತಿ ತುಕ್ಕು ತಿಂದು ತುಂಡಾಗಿತ್ತು. ನೀರಿನ ಪಂಪಿನಿಂದ ಸೋರಿದ ಕರೆಂಟು ಕೊಳವೆ ಹಿಡಿದು ನನ್ನ ಅಂಗಡಿಯ ಕಬ್ಬಿಣದ ರ‍್ಯಾಕಿಗೆ ಬಂದು ಕೂತಿತ್ತು. ಆತ ಟೆಸ್ಟರ್ ಮುಟ್ಟಿಸಿದ, ಕೆಂಪಗೆ ಹೊತ್ತಿತು. ಆ ರ‍್ಯಾಕು ಹಿಡಿದಾಗಲೆಲ್ಲ ಬಲಗೈ ಚುರುಗುಟ್ಟುತ್ತಿದ್ದುದನ್ನು ನಾನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆ.

"ಯಜಮಾನ್ರೇ, ಒಂದಿನ ಒದ್ದೆ ಕಾಲಲ್ಲಿ ಮುಟ್ಟಿದ್ರೆ ನಿಮ್ಮ ಅಂಗಡಿಗೆ ಬೇರೆ ಯಜಮಾನ್ರು ಬರ್ತಿದ್ರು," ಎಂದ.

ಪಂಪು ರಿಪೇರಿಯಾಯಿತು, ಹೊಸ ಅರ್ಥ್ ಬಂತು. ಈಗ ಎಲ್ಲರೂ ಆಕೆಗೆ ಬೀಗದ ಕೈ ಕೊಟ್ಟವರಂತೆ ಮಾತಾಡಿದರು: ಕಾರಣ ಸಿಕ್ಕಿತಲ್ಲ, ಇನ್ನೇನು, ಹೊರಡು! ಆಕೆಯೂ ನಂಬಿದಳು. ಕಾಲಿನ ತಂತಿ ಬಿಚ್ಚಿ, ಚೀಲ ಹಿಡಿದು, ಗಂಡನ ಹಿಂದೆ ಮೆಟ್ಟಿಲಿಳಿದಳು. ನನ್ನ ಅಂಗಡಿಯ ಬಾಗಿಲು ದಾಟಲಿಲ್ಲ. ಸ್ಟೂಲಿನ ಮೇಲೆ ಕುಸಿದು ಎರಡು ಕೈಯಲ್ಲೂ ತೋಳು ಉಜ್ಜಿಕೊಳ್ಳತೊಡಗಿದಳು.

"ಕಟ್ಟಡದ್ದು ಹೋಯ್ತಣ್ಣ. ನನ್ನದು ಹೋಗ್ಲಿಲ್ಲ."

"ಇನ್ನೊಂದು ಸ್ವಲ್ಪ ಕೂತ್ಕೋ ಅಕ್ಕ, ಕಡಿಮೆಯಾಗುತ್ತೆ."

"ಮೊದಲಾದ್ರೆ ಕಟ್ಟಡವನ್ನ ಬೈಯ್ತಿದ್ದೆ. ಈಗ ಯಾರನ್ನ ಬೈಯ್ಲಿ?"

ಬಸ್ಸು ಹೋಯಿತು. ಗಂಡ ಚೀಲವನ್ನು ಮತ್ತೆ ಮೇಲಕ್ಕೆ ಹೊತ್ತ. ಮಗಳು ಹೆತ್ತಾಗ ಅವನೊಬ್ಬನೇ ಹೋದ. ಆಕೆ ಹೊಲಿದ ಪುಟ್ಟ ಅಂಗಿಗಳು ಅವನ ಜೊತೆ ಹೋದವು. ಮೊಮ್ಮಗಳು ಈಗ ಅಂಬೆಗಾಲಿಡುತ್ತಾಳಂತೆ. ಅಜ್ಜಿ ಇನ್ನೂ ಕಂಡಿಲ್ಲ. ಮೇಲಿನಿಂದ ಕಾಲು ಮೆಷಿನ್ನಿನ ಸದ್ದು ದಿನವೂ ಕೇಳುತ್ತದೆ. ಹಸಿರು ತಂತಿ ಕಿಟಕಿಯಿಂದ ಇಳಿದೇ ಇದೆ.

ನಾನು ಆ ರ‍್ಯಾಕನ್ನು ಈಗಲೂ ದಿನವೂ ಮುಟ್ಟುತ್ತೇನೆ. ಆಕೆ ಮಗಳ ಮನೆಗೆ ಹೋಗಲು ಮನಸ್ಸು ಮಾಡದಿದ್ದರೆ ಆ ಪ್ಲಗ್ಗನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ. ಆಕೆಗೆ ಹೋಗಲಾಗಲಿಲ್ಲ, ನಾನು ಉಳಿದೆ. ನನ್ನ ಜೀವ ಟೈಲರಕ್ಕನ ಋಣ.