ತಾಡಪತ್ರಿಯೊಳಗಿನ ಬಲ್ಬು

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಚಿಮ್ಮನಚೋಡದಿಂದ ನಮ್ಮ ಸೇಡಂ ಮನೆಗೆ ಬರುವಾಗ ಸೇವಂತಿಗೆ ಬೆಳೆಯುವ ವಿದ್ಯೆಯನ್ನೂ ಗಂಟು ಕಟ್ಟಿಕೊಂಡೇ ಬಂದಳು. ಹಿತ್ತಲ ಶೆಡ್ಡಿನಲ್ಲಿ ನಾನು ಹತ್ತು ವರ್ಷದಿಂದ ಹೂ ಬೆಳೆಯುತ್ತಿದ್ದೆ. ನನ್ನ ಗಿಡಗಳು ದೀಪಾವಳಿ ಮುಗಿದ ಮೇಲೆಯೇ ಅರಳುತ್ತಿದ್ದವು. ಇವಳು ಬಂದ ವರ್ಷವೇ ದಸರೆಗೆ ಹೂ ತೆಗೆಯುತ್ತೇನೆಂದಳು. ಅತ್ತೆ ಮುಖವರಳಿಸಿ ನಕ್ಕರು. ನನ್ನ ಹೊಟ್ಟೆ ಉರಿಯಿತು.

ನಮ್ಮಲ್ಲಿ ನವರಾತ್ರಿಗೆ ಘಟ ಕೂಡಿಸಿ ದಿನಕ್ಕೊಂದು ಮಾಲೆ ಏರಿಸುತ್ತೇವೆ. ಮೊದಲ ದಿನದ ಮಾಲೆ ಹಿರಿಸೊಸೆಯಾದ ನನ್ನದು. ಆ ವರ್ಷ ಅತ್ತೆ, "ಯಾರ ಹೂ ಮೊದಲ ಅರಳತಾವ, ಅವರದೇ ಮೊದಲ ಮಾಲಿ" ಅಂದುಬಿಟ್ಟರು. ಇಬ್ಬರೂ ಶೆಡ್ಡನ್ನು ಅರ್ಧರ್ಧ ಹಂಚಿಕೊಂಡೆವು.

ರಾತ್ರಿ ಉದ್ದವಾದರೆ ಮಾತ್ರ ಸೇವಂತಿಗೆ ಮೊಗ್ಗು ಹಿಡಿಯುತ್ತದೆ. ಮಳೆಗಾಲದಲ್ಲಿ ಹಗಲೇ ಹೆಚ್ಚು, ಹಾಗಾಗಿ ಕತ್ತಲನ್ನು ನಾವೇ ಮಾಡಬೇಕು. ನೆಗೆಣ್ಣಿಯೇ ತೊಗರಿ ಒಣಹಾಕುವ ಕರಿ ತಾಡಪತ್ರಿಗಳನ್ನು ಇಬ್ಬರ ಗಿಡಗಳಿಗೂ ಕೋಲಿನ ಮೇಲೆ ಗುಡಾರದಂತೆ ಎಳೆದಳು.

"ಸಂಜಿ ಐದಕ್ಕ ಮುಚ್ಚರಿ ಅಕ್ಕಾ. ಮುಂಜಾನಿ ಏಳರ ತನಕ ತಗೀಬ್ಯಾಡ್ರಿ. ನಡುವ ಬೆಳಕ ಬಿದ್ರ ಮೊಗ್ಗ ಹಿಡಿಯಂಗಿಲ್ಲ, ಭಾಳ ನುಕ್ಸಾನ" ಅಂದಳು.

ನನಗೆ ಇವಳು ಪಾಠ ಹೇಳುವುದೇ! ಆದರೂ ಮುಚ್ಚಿದೆ. ಮುಚ್ಚಿದೆನೇ ಹೊರತು ಸುಮ್ಮನಿರಲಾಗಲಿಲ್ಲ. ಅವಳ ಕಡೆ ಮೊಗ್ಗು ಕಂಡವಂತೆ ಎಂದು ಅತ್ತೆ ಪಕ್ಕದ ಮನೆಯವರಿಗೆ ಹೇಳುವುದು ಕಿವಿಗೆ ಬಿತ್ತು. ಅಂದಿನಿಂದ ದಿನಾ ಊಟವಾದ ಮೇಲೆ ತಾಡಪತ್ರಿಯೊಳಗೆ ನುಗ್ಗಿ, ಸಸಿ ಬೆಳೆಸಲು ಕಟ್ಟಿದ್ದ ಬಲ್ಬು ಹಚ್ಚಿ, ಸಾಲು ಸಾಲಾಗಿ ಮೊಗ್ಗು ಹುಡುಕತೊಡಗಿದೆ. ಅರ್ಧ ತಾಸಾದರೂ ಹುಡುಕುತ್ತಿದ್ದೆ. ಒಂದೂ ಇರಲಿಲ್ಲ. ಇಲ್ಲವೆಂದೇ ಮರುದಿನ ಮತ್ತೆ ಹೋಗುತ್ತಿದ್ದೆ. ಹಗಲು ನೋಡಿದರೆ ಅವಳ ಕಣ್ಣಿಗೆ ಬೀಳುತ್ತೇನಲ್ಲ!

ಒಂದು ದಿನ ಅವಳು, "ನಿಮ್ಮ ಕಡಿ ಬೆಳಕ ಕಂಡಂಗಾತು ಅಕ್ಕಾ" ಅಂದಳು.

"ನಿನಗ ಭ್ರಮಿ" ಅಂದೆ.

ಘಟ ಕೂಡಿಸುವ ಮುಂಜಾನೆ ನನ್ನ ಗಿಡಗಳಲ್ಲಿ ಬರೀ ಎಲೆ, ಎಲೆಯ ಮೇಲೆ ಊರ ಫ್ಯಾಕ್ಟರಿಯ ಸಿಮೆಂಟಿನ ಧೂಳು. ಅವಳ ಕಡೆ ಹಳದಿ ಹಳದಿ. ಅಡುಗೆಮನೆ ಸೇರಿ ಹಿಟ್ಟು ಕಲಸುತ್ತ ಕೂತೆ. ಹೊರಗೆ, ಶೆಡ್ಡಿನ ಕಡೆ ಹೋಗದ ಅತ್ತೆ ಅವಳ ಕೈಯಲ್ಲಿನ ಮಾಲೆ ನೋಡಿ ಕೇಳಿದರು, "ಯಾರ ಹೂವ ಇವು?"

"ಅಕ್ಕಾರವು" ಅಂದಳು ಅವಳು.

ಆಮೇಲೆ ಒಳಗೆ ಬಂದು ಮಾಲೆಯನ್ನು ನನ್ನ ಕೈಗಿಟ್ಟು, ಮೆಲ್ಲಗೆ, "ಮುಂದಿನ ಸಲ ಆ ಬಲ್ಬ್ ಬಿಚ್ಚಿ ನನ್ನ ಕಡಿ ಕೊಡ್ರಿ" ಅಂದಳು.

ಎಲ್ಲರೂ ನೋಡುತ್ತಿರುವಾಗ ನಾನೇ ಮೊದಲ ಮಾಲೆ ಏರಿಸಿದೆ. ಅತ್ತೆ ನನ್ನನ್ನು ಹೊಗಳಿದರು. ಹೂವಿನಲ್ಲಿ ಸೋತದ್ದನ್ನಾದರೂ ಸಹಿಸಿಕೊಳ್ಳುತ್ತಿದ್ದೆನೇನೋ. ದೊಡ್ಡತನ ತೋರಿಸುವುದರಲ್ಲೂ ಅವಳೇ ಮುಂದಾದಳಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.